ಕೇಂದ್ರ, ರಾಜ್ಯ ಮತ್ತು ನಮ್ಮ ಕೆರೆಯ ನೀರು
(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸ)



ಕೇಂದ್ರ ಹಾಗೂ ರಾಜ್ಯಗಳ ಅಧಿಕಾರ ಹಂಚಿಕೆಯೆಂದರೆ ಅದು ದೆಹಲಿ-ಬೆಂಗಳೂರುಗಳ ವ್ಯವಹಾರ, ನಮಗೇಕೆ ಎಂಬ ಭಾವನೆ ಸಹಜ. ಜಗಳೂರಿನ ಸದಸ್ಯರು ಮಾತ್ರ ಹಾಗೆ ಹೇಳಲಾರರು.

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ನೀರು ರಾಜ್ಯಪಟ್ಟಿಯ 17ನೇ ವಿಷಯ. ಆದರೆ ಅದು ಕೇಂದ್ರಪಟ್ಟಿಯ 56ನೇ ನಮೂದಿಗೆ ಅಧೀನ. ಅಂತರರಾಜ್ಯ ನದಿಗಳ ನಿಯಂತ್ರಣವನ್ನು ಸಂಸತ್ತು ಕಾನೂನಿನ ಮೂಲಕ ತನ್ನ ವಶಕ್ಕೆ ಪಡೆಯಬಹುದು. ಹೊನ್ನಾಳಿಯ ಮಗ್ಗುಲಲ್ಲಿ ಹರಿಯುವ ತುಂಗಭದ್ರೆ ಮುಂದೆ ಕೃಷ್ಣೆಯನ್ನು ಸೇರುವ ಅಂತರರಾಜ್ಯ ನದಿ. ಆದ್ದರಿಂದಲೇ ಭದ್ರಾ ಮೇಲ್ದಂಡೆ ಯೋಜನೆಯನ್ನು ರಾಜ್ಯವು ರೂಪಿಸಿ ಕಾಲುವೆ ತೋಡಿದರೂ ಕೇಂದ್ರದ ತಾಂತ್ರಿಕ ಒಪ್ಪಿಗೆ ಅಗತ್ಯವಾಯಿತು.

ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಮತ್ತು ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್ ಭೂಮಿಗೆ ಹನಿ ನೀರಾವರಿ ಒದಗಿಸುವ, ಕೆರೆ ತುಂಬಿಸುವ ಯೋಜನೆಯಿದು. 2023ರ ಫೆಬ್ರವರಿ 1ರಂದು ಮಂಡಿಸಿದ ಕೇಂದ್ರ ಆಯವ್ಯಯದಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ನೆರವನ್ನು ಘೋಷಿಸಲಾಯಿತು. ಆ ಹಣ ಕೈಸೇರಲಿಲ್ಲವೆಂದು ರಾಜ್ಯ ಸರ್ಕಾರವು ಬಳಿಕ ಹಲವು ಬಾರಿ ಆಕ್ಷೇಪಿಸಿತು. ಘೋಷಣೆ, ಮಂಜೂರಾತಿ, ಬಿಡುಗಡೆ ಈ ಮೂರೂ ಬೇರೆ ಬೇರೆ ಎಂಬುದನ್ನು ಪಂಚಾಯಿತಿಯ ಸದಸ್ಯರಿಗೆ ಯಾರೂ ವಿವರಿಸಬೇಕಾಗಿಲ್ಲ!

ಅದೇ ವರ್ಷ ಮಳೆ ಕೈಕೊಟ್ಟಿತು. ರಾಜ್ಯವು 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿ, 18,171 ಕೋಟಿ ರೂಪಾಯಿ ನೆರವು ಕೋರಿತು. 2024ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,454 ಕೋಟಿ. ಬರ ಘೋಷಿಸುವುದು ರಾಜ್ಯ, ರಾಷ್ಟ್ರೀಯ ವಿಪತ್ತು ನಿಧಿಯ ಮೊತ್ತ ತೀರ್ಮಾನಿಸುವುದು ಕೇಂದ್ರ. ನಡುವೆ ಕಾಯುವವನು ರೈತ.

ಆದರೆ ರಾಜ್ಯದ ದೂರು ನ್ಯಾಯವಾದುದೆಂದು ಒಪ್ಪುವವರು ಇನ್ನೊಂದನ್ನೂ ಕೇಳಬೇಕು. ಸ್ಥಳೀಯ ಆಡಳಿತವು ರಾಜ್ಯಪಟ್ಟಿಯ 5ನೇ ವಿಷಯ. 243-ಜಿ ವಿಧಿಯಂತೆ ನಮಗೆಷ್ಟು ಅಧಿಕಾರ ಕೊಡಬೇಕೆಂಬುದು ವಿಧಾನಮಂಡಲದ ಇಚ್ಛೆ. ಕೇಂದ್ರದ ಮುಂದೆ ತಾನು ಕೇಳುವುದನ್ನು ರಾಜ್ಯವು ಪಂಚಾಯಿತಿಗೆ ಎಷ್ಟರಮಟ್ಟಿಗೆ ಕೊಟ್ಟಿದೆ?

ಅನುದಾನದಲ್ಲಿಯೂ ಇದೇ ಬಿಗಿ. 15ನೇ ಹಣಕಾಸು ಆಯೋಗವು 2021-26ರ ಅವಧಿಗೆ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತು. ನದಿದಂಡೆಯ ಹೊನ್ನಾಳಿಗೂ ಕೊಳವೆಬಾವಿ ಬತ್ತಿದ ಜಗಳೂರಿಗೂ ಒಂದೇ ಅಳತೆ. ಉದ್ದೇಶ ಒಳ್ಳೆಯದೇ, ಅಳತೆಯನ್ನು ಮಾತ್ರ ಗ್ರಾಮಸಭೆಗೆ ಬಿಡಬಹುದಿತ್ತೆಂದು ನನ್ನ ಅಭಿಪ್ರಾಯ.

ಆದುದರಿಂದ ಮುಂದಿನ ಗ್ರಾಮಸಭೆಯಲ್ಲಿ ಬೆಳೆಹಾನಿಯ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿರಿ, ಬಿಟ್ಟುಹೋದ ಹೆಸರುಗಳನ್ನು ನಡಾವಳಿಯಲ್ಲಿ ದಾಖಲಿಸಿರಿ. ಕೆರೆ ತುಂಬಿಸುವ ಬೇಡಿಕೆಯ ಠರಾವಿನ ಪ್ರತಿಯನ್ನು ಶಾಸಕರಿಗೂ ಸಂಸದರಿಗೂ, ಇಬ್ಬರಿಗೂ, ಕಳುಹಿಸಿರಿ.