ಕ್ಯಾಮೆರಾ ಎಂಬ ಕತ್ತಲೆಯ ಕೋಣೆ

ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ನನ್ನ ಅಜ್ಜಿಯ ಚಿತ್ರವೊಂದಿದೆ. ಆಕೆಯ ಚಿತ್ರವೆಂದು ನಮಗೆ ಉಳಿದಿರುವುದು ಅದೊಂದೇ. ತೆಗೆದವನು ನಾನು. ಸೋದರಮಾವನಿಂದ ಎರವಲು ತಂದ ಡಬ್ಬಿ ಕ್ಯಾಮೆರಾವನ್ನು ಎದೆಗೆ ಒತ್ತಿ ಹಿಡಿದು, ಅಜ್ಜಿಯನ್ನು ಬೀದಿ ಬಾಗಿಲ ಹೊಸ್ತಿಲಲ್ಲಿ ನಿಲ್ಲಿಸಿ, ನಾನು ನಡುಮನೆಯಲ್ಲಿ ನಿಂತು ಗುಂಡಿ ಒತ್ತಿದೆ. ಆಕೆಯ ಬೆನ್ನ ಹಿಂದೆ ಬೀದಿಯ ತುಂಬ ಮಧ್ಯಾಹ್ನದ ಬಿಸಿಲು. ಚಿತ್ರ ತೊಳೆದು ಬಂದಾಗ ಎದುರುಮನೆಯ ಜಗಲಿ ಸ್ಪಷ್ಟವಾಗಿ ಮೂಡಿತ್ತು. ಅಜ್ಜಿ ನಿಂತಿದ್ದ ಕಡೆ ಸೆರಗು ಹೊದ್ದ ಒಂದು ಕಪ್ಪು ಆಕಾರ ಮಾತ್ರ. ಇನ್ನೊಂದು ತೆಗೆದರಾಯಿತು ಎಂದುಕೊಂಡೆವು. ಆ ಇನ್ನೊಂದನ್ನು ತೆಗೆಯುವ ದಿನ ಬರಲಿಲ್ಲ.

ತಪ್ಪು ಕ್ಯಾಮೆರಾದ್ದಾಗಿರಲಿಲ್ಲ, ಅದು ಏನು ಮಾಡುತ್ತದೆಂದು ತಿಳಿಯದೆ ಗುಂಡಿ ಒತ್ತಿದ ನನ್ನದು. ಈಗ ಮನೆಮನೆಯಲ್ಲೂ ಮೊಬೈಲ್ ಫೋನಿನೊಳಗೆ ಕ್ಯಾಮೆರಾ ಉಂಟು. ಆದರೂ ಕಪ್ಪು ಮುಖದ ಚಿತ್ರಗಳಿಗೆ ಕೊರತೆಯಿಲ್ಲ. ಆದುದರಿಂದ ಈ ಯಂತ್ರದ ಒಳಗುಟ್ಟನ್ನು ಸ್ವಲ್ಪ ಅರಿತುಕೊಳ್ಳೋಣ.

ಕ್ಯಾಮೆರಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕೋಣೆ ಎಂದರ್ಥ. ಅಂಥದೊಂದು ಕೋಣೆ ನಮ್ಮ ಹಂಪೆಯಲ್ಲೇ ಇದೆ. ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲೆಯ ಕೋಣೆಯಲ್ಲಿ, ರಾಜಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಬೆಳಕಿಗೆ ಬಳಸುದಾರಿ ಗೊತ್ತಿಲ್ಲ. ಗೋಪುರದ ತುದಿಯಿಂದ ಹೊರಟದ್ದು ಗೋಡೆಯ ಕಿರುಗಂಡಿಯನ್ನು ಹಾಯ್ದು ನೇರವಾಗಿ ಕೆಳಕ್ಕಿಳಿಯುತ್ತದೆ. ಬುಡದಿಂದ ಹೊರಟದ್ದು ಮೇಲಕ್ಕೇರುತ್ತದೆ. ಅದಕ್ಕೇ ತಲೆ ಕೆಳಗು, ಬುಡ ಮೇಲು.

ಹಂಪೆಗೆ ಹೋಗಲಾಗದವರು ಇದನ್ನು ಮನೆಯಲ್ಲೇ ನೋಡಬಹುದು. ಬಿಸಿಲ ಹೊತ್ತಿನಲ್ಲಿ ಬೀದಿ ಕಡೆಯ ಕೋಣೆಗೆ ಬೆಳಕು ನುಸುಳದಂತೆ ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ಅದರಲ್ಲಿ ಸಣ್ಣ ನಾಣ್ಯದಷ್ಟು ತೂತು ಮಾಡಿ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ, ಎದುರಿಗೆ ಹಿಡಿದ ಬಿಳಿಯ ಪಂಚೆಯ ಮೇಲೆ ಬೀದಿಯ ಜನ ತಲೆಕೆಳಗಾಗಿ ನಡೆದಾಡುವುದು ಕಾಣುತ್ತದೆ. ತೂತನ್ನು ಹಿಗ್ಗಿಸಿದರೆ ಚಿತ್ರಕ್ಕೆ ಬೆಳಕು ಹೆಚ್ಚುತ್ತದೆ, ಆದರೆ ಅಂಚುಗಳು ಕಲಸಿಹೋಗುತ್ತವೆ. ಕುಗ್ಗಿಸಿದರೆ ಅಂಚುಗಳು ಚೊಕ್ಕಟವಾಗುತ್ತವೆ, ಆದರೆ ಚಿತ್ರ ಮಂಕಾಗುತ್ತದೆ. ಈ ತೊಡಕನ್ನು ಬಿಡಿಸಲೆಂದೇ ತೂತಿಗೆ ಗಾಜಿನ ಮಸೂರವನ್ನು ಕೂಡಿಸಿದರು. ಅಗಲವಾದ ಕಂಡಿಯಿಂದ ಬಂದ ಬೆಳಕನ್ನು ಅದು ಬಾಗಿಸಿ ಒಂದೆಡೆ ಸೇರಿಸುತ್ತದೆ.

ಹೀಗೆ ಮೂಡಿದ ಚಿತ್ರವನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಮಾತ್ರ ಮನುಷ್ಯ ಬಹುಕಾಲ ಕಾಯಬೇಕಾಯಿತು. 1826–27ರ ಸುಮಾರಿನಲ್ಲಿ ಫ್ರಾನ್ಸಿನ ನಿಯೆಪ್ಸ್ ತನ್ನ ಕಿಟಕಿಯ ನೋಟವನ್ನು ಲೋಹದ ತಗಡಿನ ಮೇಲೆ ಹಿಡಿದ. ಅದಕ್ಕೆ ತಗಡು ಗಂಟೆಗಟ್ಟಲೆ ಬೆಳಕಿಗೆ ಒಡ್ಡಿಕೊಂಡಿರಬೇಕಾಯಿತು. 1839ರಲ್ಲಿ ಡಾಗೇರನ ವಿಧಾನ ಪ್ರಕಟವಾಯಿತು. ಮುಂದೆ ಬೆಳ್ಳಿಯ ಲವಣ ಲೇಪಿಸಿದ ಫಿಲ್ಮು ಬಂತು. 1975ರಲ್ಲಿ ಅಮೆರಿಕದ ಸ್ಟೀವನ್ ಸ್ಯಾಸನ್ ಫಿಲ್ಮಿಲ್ಲದ ಕ್ಯಾಮೆರಾವೊಂದನ್ನು ಕಟ್ಟಿದರು. ಒಂದು ಚಿತ್ರವನ್ನು ಟೇಪಿನ ಮೇಲೆ ದಾಖಲಿಸಲು ಅದಕ್ಕೆ 23 ಸೆಕೆಂಡು ಹಿಡಿಯುತ್ತಿತ್ತು. ಇಂದಿನ ಫೋನಿನಲ್ಲಿ ಫಿಲ್ಮಿನ ಜಾಗದಲ್ಲಿ ಉಗುರಿನಷ್ಟು ಚಿಕ್ಕ ಸಿಲಿಕಾನ್ ಬಿಲ್ಲೆಯಿದೆ. ಉಳಿದಂತೆ ಕೋಣೆ ಅದೇ, ಕಂಡಿ ಅದೇ, ಬೆಳಕೂ ಅದೇ.

ಇನ್ನು ಬೆಳಕಿನ ಅಳತೆಯ ಮಾತು. ಹಪ್ಪಳ ಒಣಗಿಸಿ ಬಲ್ಲವರಿಗೆ ಇದು ಕಷ್ಟವಲ್ಲ. ಬಿಸಿಲಿನ ಕಾವೆಷ್ಟು, ಎಷ್ಟು ಹೊತ್ತು ಬಿಸಿಲಲ್ಲಿತ್ತು, ಹಪ್ಪಳ ಎಷ್ಟು ತೆಳು, ಈ ಮೂರನ್ನು ನೋಡಿ ತಾನೆ ಗೃಹಿಣಿಯರು ಅದನ್ನು ಎತ್ತುವುದು? ಕ್ಯಾಮೆರಾದಲ್ಲಿ ಕಂಡಿಯ ಅಗಲ ಬಿಸಿಲಿನ ಕಾವಿದ್ದಂತೆ; ಷಟರ್ ತೆರೆದಿರುವ ಕಾಲ ಒಣಗುವ ಹೊತ್ತಿದ್ದಂತೆ; ಫಿಲ್ಮಿನ ವೇಗ ಹಪ್ಪಳದ ತೆಳುವಿದ್ದಂತೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದನ್ನು ತಗ್ಗಿಸಬೇಕು.

ಕಂಡಿಯ ಅಳತೆಗಳನ್ನು 2.8, 4, 5.6, 8, 11, 16 ಎಂದು ಗುರುತಿಸುತ್ತಾರೆ. ಅಂಕೆ ಹೆಚ್ಚಿದಷ್ಟೂ ಕಂಡಿ ಕಿರಿದು. ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧವಾಗುತ್ತದೆ. ಷಟರಿನ ಮೇಲೆ 125 ಎಂದಿದ್ದರೆ ಸೆಕೆಂಡಿನ 125ನೆಯ ಒಂದು ಪಾಲು. ನಿಚ್ಚಳ ಬಿಸಿಲಿನಲ್ಲಿ 100ರ ವೇಗದ ಫಿಲ್ಮಿಗೆ ಕಂಡಿ 16, ಷಟರ್ 125 ಸರಿಹೋಗುತ್ತದೆ. ಅದೇ ದಿನ ಅದೇ ಷಟರಿನಲ್ಲಿ ಗೋಡೆಯ ನೆರಳಲ್ಲಿ ನಿಂತವರ ಚಿತ್ರ ತೆಗೆಯಬೇಕಾದರೆ ಕಂಡಿಯನ್ನು ಸುಮಾರು 5.6ಕ್ಕೆ ತೆರೆಯಬೇಕು, ಎಂದರೆ ಎಂಟರಷ್ಟು ಬೆಳಕು ಬೇಕು. ನಮ್ಮ ಕಣ್ಣು ಈ ವ್ಯತ್ಯಾಸವನ್ನು ತಾನೇ ಸರಿದೂಗಿಸಿಕೊಳ್ಳುವುದರಿಂದ ಅದು ನಮ್ಮ ಅರಿವಿಗೆ ಬಾರದು. ಕ್ಯಾಮೆರಾ ಅಷ್ಟನ್ನು ಸರಿದೂಗಿಸಲಾರದು. ನಾನು ಬಾಗಿಲಲ್ಲಿ ಅಜ್ಜಿಯ ನಗುವನ್ನೂ ಬೀದಿಯ ಬಿಸಿಲನ್ನೂ ಒಟ್ಟಿಗೆ ಕಂಡೆ. ಡಬ್ಬಿ ಕ್ಯಾಮೆರಾ ಬಿಸಿಲನ್ನು ಮಾತ್ರ ಕಂಡಿತು.

ಆದುದರಿಂದ ಹೊಸಬರು ಗುಂಡಿ ಒತ್ತುವ ಮೊದಲು ನೋಡಬೇಕಾದುದು ಬೆಳಕು ಮುಖದ ಮೇಲಿದೆಯೇ, ಬೆನ್ನ ಹಿಂದಿದೆಯೇ ಎಂಬುದನ್ನು. ನಡುಹಗಲಿನ ಬಿಸಿಲು ಕಣ್ಣಿನ ಕುಳಿಗಳಲ್ಲಿ ನೆರಳು ತುಂಬುತ್ತದೆ; ಬೆಳಗಿನ ಮತ್ತು ಸಂಜೆಯ ಬೆಳಕು ಮೃದು. ಮಬ್ಬಿನಲ್ಲಿ ಷಟರ್ ಹೆಚ್ಚು ಹೊತ್ತು ತೆರೆದಿರುತ್ತದೆ, ಕೈ ನಡುಗಿದರೆ ಚಿತ್ರವೂ ನಡುಗುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿಯಿರಿ, ಇಲ್ಲವೆ ಕಂಬಕ್ಕೆ ಒರಗಿ ನಿಲ್ಲಿರಿ. ಫೋನಾದರೆ ಮಸೂರವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಪರದೆಯಲ್ಲಿ ಕಾಣುವ ಮುಖದ ಮೇಲೆ ಬೆರಳು ಮುಟ್ಟಿಸಿ. ಬೆಳಕಿನ ಅಳತೆಯನ್ನು ಅದು ಮುಖಕ್ಕೆ ಹೊಂದಿಸಿಕೊಳ್ಳುತ್ತದೆ.

ಅಂದು ನಾನು ಮಾಡಬೇಕಾಗಿದ್ದುದು ನಾಲ್ಕು ಹೆಜ್ಜೆಯ ಕೆಲಸ. ಹೊಸ್ತಿಲು ದಾಟಿ ಬೀದಿಗಿಳಿದು, ಅಜ್ಜಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡಿದ್ದರೆ ಸಾಕಾಗಿತ್ತು. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಈ ಭಾನುವಾರ ಬೆಳಗ್ಗೆ ಕಿಟಕಿಯ ಬಳಿ ಕೂರಿಸಿ, ಮುಖ ಬೆಳಕಿನ ಕಡೆಗಿರಲಿ. ಒಂದೆರಡು ಮಾತಾಡಿಸಿ, ಆಮೇಲೆ ಗುಂಡಿ ಒತ್ತಿ. ಚೆನ್ನಾಗಿ ಬಂದುದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಹೆಸರನ್ನೂ ದಿನವನ್ನೂ ಬರೆದಿಡಿ.