ಊರು, ದೂರ, ಉಳಿವು: ಮಕ್ಕಳ ಕ್ಯಾನ್ಸರಿನ ಎರಡು ಭೂಪಟಗಳು



ಈ ವಿಚಾರ ಸಂಕಿರಣ ಎರಡು ಪ್ರಶ್ನೆಗಳನ್ನು ಎತ್ತಿಕೊಂಡಿದೆ. ಮಕ್ಕಳ ಕ್ಯಾನ್ಸರ್ ಎಲ್ಲೆಲ್ಲಿ ಎಷ್ಟು ಕಾಣಿಸಿಕೊಳ್ಳುತ್ತದೆ? ಕಾಣಿಸಿಕೊಂಡ ಮೇಲೆ ಯಾವ ಊರಿನ ಮಗು ಬದುಕುಳಿಯುತ್ತದೆ? ಇವೆರಡನ್ನೂ ಬೇರೆಬೇರೆಯಾಗಿ ನೋಡೋಣ ಎಂಬುದು ನನ್ನ ಮೊದಲ ವಿನಂತಿ. ರೋಗ ಹುಟ್ಟುವ ಜಾಗಗಳ ಭೂಪಟವನ್ನು ಬಹುಮಟ್ಟಿಗೆ ಪ್ರಕೃತಿ ಬರೆದಿದೆ. ಮಗು ಉಳಿಯುವ ಜಾಗಗಳ ಭೂಪಟವನ್ನು ಬರೆದವರು ನಾವು. ಮೊದಲನೆಯದರಲ್ಲಿ ಅರ್ಥವಾಗದ್ದು ಇನ್ನೂ ಬಹಳ ಉಳಿದಿದೆ. ಎರಡನೆಯದನ್ನು ತಿದ್ದಲು ಬೇಕಾದ ತಿಳಿವಳಿಕೆ ಈಗಾಗಲೇ ನಮ್ಮ ಬಳಿ ಇದೆ.

ಮೊದಲನೆಯ ಭೂಪಟದ ದೊಡ್ಡ ಕಥೆ ಆಫ್ರಿಕಾದ್ದು. 1957ರಲ್ಲಿ ಉಗಾಂಡಾದ ಕಂಪಾಲಾ ನಗರದ ಮುಲಾಗೊ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕ ಡೆನಿಸ್ ಬರ್ಕಿಟ್ ದವಡೆಗಳು ಊದಿಕೊಂಡ ಒಂದು ಮಗುವನ್ನು ನೋಡಿದರು. ಅಂಥ ಮಕ್ಕಳು ಮತ್ತೆ ಮತ್ತೆ ಕಂಡಾಗ ಅವರು ಕೇಳಿಕೊಂಡ ಪ್ರಶ್ನೆ ಸರಳವಾಗಿತ್ತು: ಈ ಕ್ಯಾನ್ಸರ್ ಗಡ್ಡೆ ಎಲ್ಲಿಯವರೆಗೆ ಇದೆ, ಎಲ್ಲಿಂದಾಚೆ ಇಲ್ಲ? 1961ರಲ್ಲಿ ಇಬ್ಬರು ಗೆಳೆಯರೊಡನೆ ಹಳೆಯ ವ್ಯಾನೊಂದರಲ್ಲಿ ಸುಮಾರು 16,000 ಕಿಲೋಮೀಟರ್ ಸುತ್ತಿ, ಸಣ್ಣಪುಟ್ಟ ಆಸ್ಪತ್ರೆಗಳಲ್ಲಿ ಗಡ್ಡೆಯ ಚಿತ್ರಗಳನ್ನು ತೋರಿಸಿ ವಿಚಾರಿಸಿದರು. ಮಳೆ ಹೆಚ್ಚಿರುವ, ಸೆಕೆಯ ತಗ್ಗು ಪ್ರದೇಶಗಳಲ್ಲಿ ರೋಗವಿತ್ತು. ತಂಪಾದ ಎತ್ತರದ ನೆಲದಲ್ಲಿ ಇರಲಿಲ್ಲ. ಅದು ಮಲೇರಿಯಾ ಬೀಡುಬಿಟ್ಟ ಪ್ರದೇಶವೂ ಆಗಿತ್ತು. ಅದೇ ವರ್ಷ ಲಂಡನ್ನಿನಲ್ಲಿ ಬರ್ಕಿಟ್ ಮಾಡಿದ ಉಪನ್ಯಾಸವನ್ನು ಕೇಳಿದ ವಿಜ್ಞಾನಿ ಆಂಥೊನಿ ಎಪ್‌ಸ್ಟೀನ್ 1964ರಲ್ಲಿ ಸಹೋದ್ಯೋಗಿಗಳೊಡನೆ ಆ ಗಡ್ಡೆಯ ಜೀವಕೋಶಗಳಲ್ಲಿ ಹೊಸ ವೈರಸ್ ಒಂದನ್ನು ಗುರುತಿಸಿದರು. ಇಂದಿನ ಎಪ್‌ಸ್ಟೀನ್-ಬಾರ್ ವೈರಸ್ ಅದೇ. ದುಬಾರಿ ಉಪಕರಣವಿಲ್ಲದೆ, ಊರೂರಿಗೆ ಹೋಗಿ ಕೇಳಿದ್ದರಿಂದ ತೆರೆದುಕೊಂಡ ಬಾಗಿಲು ಇದು.

ಇದೇ ಭೂಪಟದ ಇನ್ನೊಂದು ಮೂಲೆಯಾದ ದಕ್ಷಿಣ ಬ್ರೆಜಿಲ್‌ನ ಪರಾನಾ ರಾಜ್ಯದಲ್ಲಿ ಮಕ್ಕಳ ಅಡ್ರೀನಲ್ ಗ್ರಂಥಿಯ ಕ್ಯಾನ್ಸರ್ ಬೇರೆಡೆಗಿಂತ ಹತ್ತು ಪಟ್ಟಿಗೂ ಹೆಚ್ಚು. ತಲೆಮಾರುಗಳಿಂದ ಅಲ್ಲಿನ ಜನರಲ್ಲಿ ಇಳಿದುಬಂದ ಒಂದೇ ಜೀನ್ ಬದಲಾವಣೆ ಇದರ ಹಿಂದಿದೆ ಎಂದು 2001ರಲ್ಲಿ ತಿಳಿಯಿತು. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ನಂತರ ಬೆಲಾರೂಸ್, ಉಕ್ರೇನ್ ಮತ್ತು ರಷ್ಯಾದಲ್ಲಿ ವಿಕಿರಣಶೀಲ ಅಯೋಡಿನ್ ಬೆರೆತ ಹಾಲು ಕುಡಿದ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಏರಿತು. 2005ರವರೆಗೆ 6,000ಕ್ಕೂ ಹೆಚ್ಚು ಪ್ರಕರಣಗಳು ಕಂಡುಬಂದವು, ಸಾವು ಹದಿನೈದು. ರೋಗ ಆ ಪ್ರಮಾಣದಲ್ಲಿ ಏರಿದಾಗಲೂ, ಹುಡುಕಿ ಚಿಕಿತ್ಸೆ ಕೊಟ್ಟರೆ ಮಕ್ಕಳನ್ನು ಉಳಿಸಿಕೊಳ್ಳಬಹುದು ಎಂಬುದಕ್ಕೆ ಇದು ಸಾಕ್ಷಿ.

ಇಂಥ ಸ್ಪಷ್ಟ ಕಾರಣಗಳು ಸಿಕ್ಕಿರುವುದು ಕೆಲವೇ ಕಡೆ. ಮಕ್ಕಳ ಕ್ಯಾನ್ಸರಿನಲ್ಲಿ ಹೆಚ್ಚಿನವಕ್ಕೆ ನೀರು, ಗಾಳಿ, ಆಹಾರದ ಮೇಲೆ ಬೆರಳು ತೋರಿಸಲು ಆಧಾರವಿಲ್ಲ. ತಮ್ಮಿಂದೇನೋ ತಪ್ಪಾಯಿತೆಂದು ಕೊರಗುವ ತಂದೆತಾಯಿಗೆ ಈ ಮಾತನ್ನು ನಾವು ಗಟ್ಟಿಯಾಗಿ ಹೇಳಬೇಕು. ಭೂಪಟದ ಅಂಕಿಗಳನ್ನು ಓದುವಾಗಲೂ ಎಚ್ಚರ ಬೇಕು. ಜಪಾನಿನಲ್ಲಿ 1980ರ ದಶಕದಿಂದ ಹಸುಗೂಸುಗಳ ಮೂತ್ರ ಪರೀಕ್ಷಿಸಿ ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಹುಡುಕುವ ಕಾರ್ಯಕ್ರಮ ದೇಶದಾದ್ಯಂತ ನಡೆಯಿತು. ತಾನಾಗಿಯೇ ಕರಗಿಹೋಗುವಂಥ ಗಡ್ಡೆಗಳೂ ಲೆಕ್ಕಕ್ಕೆ ಸೇರಿ ರೋಗದ ಪ್ರಮಾಣ ಏರಿತು. ಅದರಿಂದ ಜೀವಗಳು ಉಳಿದವೆಂಬುದು ಖಚಿತವಾಗಲಿಲ್ಲ. ಕೊನೆಗೆ ಕಾರ್ಯಕ್ರಮವನ್ನೇ ನಿಲ್ಲಿಸಲಾಯಿತು.

ಅಲ್ಲಿ ಎಣಿಕೆ ಅಗತ್ಯಕ್ಕಿಂತ ಹೆಚ್ಚಾಯಿತು. ನಮ್ಮಲ್ಲಿ ಆಗುತ್ತಿರುವುದು ಇದಕ್ಕೆ ತೀರ ವಿರುದ್ಧ. 2019ರಲ್ಲಿ ಪ್ರಕಟವಾದ ಅಂದಾಜೊಂದರ ಪ್ರಕಾರ 2015ರಲ್ಲಿ ಜಗತ್ತಿನಲ್ಲಿ ಸುಮಾರು ನಾಲ್ಕು ಲಕ್ಷ ಮಕ್ಕಳಿಗೆ ಕ್ಯಾನ್ಸರ್ ಬಂದಿತ್ತು; ರೋಗ ಪತ್ತೆಯಾದದ್ದು 2,24,000 ಮಕ್ಕಳಲ್ಲಿ. ದಕ್ಷಿಣ ಏಷ್ಯಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳ ರೋಗಕ್ಕೆ ಹೆಸರೇ ಸಿಗಲಿಲ್ಲ. ಪಶ್ಚಿಮ ಯೂರೋಪ್ ಮತ್ತು ಉತ್ತರ ಅಮೆರಿಕಾದಲ್ಲಿ ಆ ಪಾಲು ನೂರಕ್ಕೆ ಮೂರು. ಆದ್ದರಿಂದ ಒಂದು ಜಿಲ್ಲೆಯಲ್ಲಿ ಪ್ರಕರಣ ಕಡಿಮೆ ಎಂದು ನೋಂದಣಿ ತೋರಿಸಿದರೆ ಸಮಾಧಾನಪಡಬೇಡಿ. ಮಗು ಬಿಳಿಚಿಕೊಂಡದ್ದಕ್ಕೆ ಟಾನಿಕ್, ಮೂಳೆನೋವಿಗೆ ವಾತದ ಔಷಧ, ಕುತ್ತಿಗೆಯ ಗಂಟಿಗೆ ಕ್ಷಯದ ಗುಳಿಗೆ ಕೊಟ್ಟು ಕಾಲ ಕಳೆದಿರಬಹುದು. ಕೊನೆಗೆ ಆ ಮಗು ತೀರಿಕೊಂಡದ್ದು ಜ್ವರದಿಂದ ಎಂದೇ ದಾಖಲಾಗಿರಬಹುದು.

ಕಾಣೆಯಾದವರಲ್ಲಿ ಹೆಣ್ಣುಮಕ್ಕಳ ಪಾಲು ನಮ್ಮನ್ನು ಹೆಚ್ಚು ಕಾಡಬೇಕು. ದೆಹಲಿಯ ಆಸ್ಪತ್ರೆಗಳ ದಾಖಲೆಗಳನ್ನು ಅಲ್ಲಿನ ಜನಸಂಖ್ಯಾಧಾರಿತ ನೋಂದಣಿಯೊಡನೆ ಹೋಲಿಸಿದ ಅಧ್ಯಯನದಲ್ಲಿ, ಸಮುದಾಯದಲ್ಲಿ ರೋಗ ಪತ್ತೆಯಾದ ಹುಡುಗಿಯರ ಪಾಲಿಗಿಂತ ಚಿಕಿತ್ಸೆಗೆ ಬಂದ ಹುಡುಗಿಯರ ಪಾಲು ಇನ್ನೂ ಕಡಿಮೆ ಇತ್ತು. ಕುಟುಂಬ ದೂರದಿಂದ ಬಂದಿದ್ದರೆ ಅಂತರ ಮತ್ತಷ್ಟು ಹಿಗ್ಗಿತ್ತು. ಗಂಡುಮಗುವಿಗೆ ಸವೆಸುವ ದಾರಿಯನ್ನು ಹೆಣ್ಣುಮಗುವಿಗೆ ಸವೆಸುತ್ತಿಲ್ಲ ಎಂಬ ಕಟುಸತ್ಯವನ್ನು ಈ ಅಂಕಿಗಳು ಹೇಳುತ್ತಿವೆ.

ಈಗ ಎರಡನೆಯ ಭೂಪಟಕ್ಕೆ ಬರೋಣ. 2010ರಿಂದ 2014ರ ನಡುವೆ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತಕ್ಯಾನ್ಸರ್ ಪತ್ತೆಯಾದ ಮಕ್ಕಳಲ್ಲಿ ಐದು ವರ್ಷದ ಉಳಿವು ಫಿನ್ಲೆಂಡಿನಲ್ಲಿ ಶೇ. 95, ಈಕ್ವೆಡಾರ್‌ನಲ್ಲಿ ಶೇ. 50 ಎಂದು ಕಾನ್ಕಾರ್ಡ್-3 ಎಂಬ ಜಾಗತಿಕ ಅಧ್ಯಯನ ತೋರಿಸಿತು. ನಮ್ಮ ನೆರೆಯ ಚೆನ್ನೈಯಲ್ಲಿ 1990ರಿಂದ 2001ರವರೆಗಿನ ನೋಂದಣಿಯಂತೆ ಎಲ್ಲ ಬಗೆಯ ಮಕ್ಕಳ ಕ್ಯಾನ್ಸರ್ ಸೇರಿ ಐದು ವರ್ಷದ ಉಳಿವು ಸುಮಾರು ಶೇ. 40. ಲ್ಯುಕೇಮಿಯಾ ಚಿಕಿತ್ಸೆಯ ಮೂಲ ಔಷಧಗಳು ಹಳೆಯವು. 1948ರಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಮಕ್ಕಳ ಲ್ಯುಕೇಮಿಯಾವನ್ನು ಮೊದಲ ಬಾರಿಗೆ ತಾತ್ಕಾಲಿಕವಾಗಿ ತಗ್ಗಿಸಿದ್ದು ಭೀಮಾವರಂ ಮೂಲದ ಎಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ತಯಾರಿಸಿದ ಅಮಿನೋಪ್ಟೆರಿನ್ ಔಷಧದಿಂದ. ತೆಲುಗು ನೆಲದ ಮಗನೊಬ್ಬನ ದುಡಿಮೆಯಿಂದ ಆರಂಭವಾದ ಚಿಕಿತ್ಸೆ ನಮ್ಮ ಹಳ್ಳಿಗಳ ಮಕ್ಕಳಿಗೆ ಇನ್ನೂ ಸಮನಾಗಿ ತಲುಪಿಲ್ಲ.

ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. 153 ದೇಶಗಳ 4,351 ಮಕ್ಕಳನ್ನು ಒಳಗೊಂಡ 2020ರ ಅಧ್ಯಯನದಲ್ಲಿ, ರೋಗ ಪತ್ತೆಯಾದಾಗ ಶ್ರೀಮಂತ ದೇಶಗಳ ಮಗುವಿಗೆ ಮಧ್ಯಾಂಕದ ಲೆಕ್ಕದಲ್ಲಿ 14 ತಿಂಗಳು, ಬಡ ದೇಶಗಳ ಮಗುವಿಗೆ 30 ತಿಂಗಳು. ಅಷ್ಟರಲ್ಲಿ ಬಡ ದೇಶಗಳ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಗಡ್ಡೆ ಕಣ್ಣಿನಿಂದಾಚೆಗೆ ಹರಡಿತ್ತು. ಶ್ರೀಮಂತ ದೇಶಗಳಲ್ಲಿ ಹಾಗೆ ಹರಡಿದ್ದು ನೂರರಲ್ಲಿ ಒಂದೆರಡು ಮಕ್ಕಳಿಗೆ ಮಾತ್ರ. ಪಾಪೆಯಲ್ಲಿ ಬೆಳ್ಳಗೆ ಹೊಳೆಯುವ ಈ ರೋಗವನ್ನು ತಾಯಿಯೇ ಎಷ್ಟೋ ಸಲ ಮೊದಲು ಗಮನಿಸುತ್ತಾಳೆ. ಅವಳ ಮಾತನ್ನು ನಂಬಿ, ಅದೇ ವಾರ ಕಣ್ಣಿನ ತಜ್ಞರ ಬಳಿಗೆ ಕಳಿಸುವವರು ಬೇಕಾಗಿದ್ದಾರೆ.

ಕರ್ನಾಟಕದ ಮಟ್ಟಿಗೆ ದೂರವೇ ಒಂದು ಅಪಾಯಕಾರಿ ಅಂಶ. ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಲ್ಯುಕೇಮಿಯಾ ಚಿಕಿತ್ಸೆ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯುತ್ತದೆ. ಔಷಧ ಉಚಿತವಾಗಿ ಸಿಕ್ಕರೂ ಬಸ್ಸಿನ ಖರ್ಚು, ಕೋಣೆಯ ಬಾಡಿಗೆ, ತಪ್ಪಿದ ಕೂಲಿ, ಊರಲ್ಲಿ ಬಿಟ್ಟುಬಂದ ಇನ್ನೊಂದು ಮಗು ಇವೆಲ್ಲ ಕುಟುಂಬವನ್ನು ಹಿಂದಕ್ಕೆ ಎಳೆಯುತ್ತವೆ. ನಾಲ್ಕು ವಾರ ಚಿಕಿತ್ಸೆ ತಪ್ಪಿದರೆ ನಾವು ‘ಚಿಕಿತ್ಸೆ ಕೈಬಿಟ್ಟವರು’ ಎಂದು ಬರೆದುಕೊಳ್ಳುತ್ತೇವೆ. ಹಲವು ಸಲ ಅವರನ್ನು ಕೈಬಿಟ್ಟದ್ದು ವ್ಯವಸ್ಥೆ. ಇನ್ನೊಂದು ಅಪಾಯ ಜ್ವರ. ಕಿಮೋ ಪಡೆಯುತ್ತಿರುವ ಮಗುವಿಗೆ ಜ್ವರ ಬಂದರೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು. ಬೆಂಗಳೂರಿನ ರಾತ್ರಿ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಕ್ಯಾನ್ಸರನ್ನು ಗೆಲ್ಲಬಹುದಾಗಿದ್ದ ಮಗು ಸೋಂಕಿಗೆ ಬಲಿಯಾಗುತ್ತದೆ.

ಇದು ಬದಲಾಗದ್ದೇನೂ ಅಲ್ಲ. ಬ್ರೆಜಿಲ್‌ನ ಬಡ ಈಶಾನ್ಯ ಭಾಗದ ರೆಸಿಫೆ ನಗರದಲ್ಲಿ ಮಕ್ಕಳಿಗೆಂದೇ ಕ್ಯಾನ್ಸರ್ ಘಟಕ, ತರಬೇತಾದ ಶುಶ್ರೂಷಕಿಯರು, ಕುಟುಂಬಕ್ಕೆ ವಸತಿ ಮತ್ತು ಸಾಮಾಜಿಕ ನೆರವು ಒದಗಿದ ಮೇಲೆ, ಲ್ಯುಕೇಮಿಯಾ ಮರುಕಳಿಸದೆ ಐದು ವರ್ಷ ಬದುಕಿದ ಮಕ್ಕಳ ಪಾಲು 1980ರ ದಶಕದ ಶೇ. 32ರಿಂದ 2002ರ ಹೊತ್ತಿಗೆ ಶೇ. 63ಕ್ಕೆ ಏರಿತು. ಚಿಕಿತ್ಸೆ ಬಿಡುವವರು ಶೇ. 16ರಿಂದ ಶೇ. 1ಕ್ಕಿಂತ ಕೆಳಗೆ ಇಳಿದರು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿಯೂ ವಸತಿ, ಆಹಾರ, ಆಪ್ತಸಲಹೆ, ಗೈರುಹಾಜರಾದವರಿಗೆ ಫೋನು ಮಾಡಿ ವಿಚಾರಿಸುವ ಕ್ರಮದಿಂದ ಚಿಕಿತ್ಸೆ ಬಿಡುವವರ ಪ್ರಮಾಣ ಬಹಳ ತಗ್ಗಿದೆ. 2030ರ ಹೊತ್ತಿಗೆ ಜಗತ್ತಿನ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ಕನಿಷ್ಠ ಶೇ. 60 ಮಂದಿ ಬದುಕುಳಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಹಾಕಿಕೊಂಡದ್ದು ಇಂಥ ಅನುಭವಗಳ ಬಲದಿಂದಲೇ.

ಈ ಸಂಕಿರಣದಿಂದ ನನ್ನ ನಿರೀಕ್ಷೆಗಳು ನಾಲ್ಕು. ಮೊದಲನೆಯದು, ಮಗುವಿನ ಊರು, ಬಂದ ದೂರ, ಮೊದಲ ಲಕ್ಷಣದಿಂದ ರೋಗ ಪತ್ತೆಯಾಗುವವರೆಗೆ ಹಿಡಿದ ದಿನಗಳು ಇವನ್ನು ರಕ್ತಪರೀಕ್ಷೆಯ ಫಲಿತಾಂಶದಷ್ಟೇ ಶ್ರದ್ಧೆಯಿಂದ ಕೇಸ್ ಶೀಟಿನಲ್ಲಿ ಬರೆದು, ವರ್ಷಕ್ಕೊಮ್ಮೆ ಜಿಲ್ಲಾವಾರು ಪರಿಶೀಲಿಸಬೇಕು. 1982ರಲ್ಲಿ ಚೆನ್ನೈಯೊಡನೆ ದೇಶದ ಮೊದಲ ಸಾಲಿನ ನೋಂದಣಿ ಆರಂಭಿಸಿದ ಬೆಂಗಳೂರಿಗೆ ಈ ಕೆಲಸ ಹೊಸದೇನಲ್ಲ. ಎರಡನೆಯದು, ಒಂಬತ್ತನೇ ತಿಂಗಳ ದಡಾರ ಲಸಿಕೆಗೆ ಬಂದ ಪ್ರತಿ ಮಗುವಿನ ಕಣ್ಣನ್ನು ಟಾರ್ಚ್ ಹಿಡಿದು ನೋಡುವ ಅಭ್ಯಾಸ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೇರೂರಬೇಕು. ಮೂರನೆಯದು, ಜ್ವರಕ್ಕೆ ಕೊಡುವ ಆ್ಯಂಟಿಬಯೋಟಿಕ್‌ನ ಮೊದಲ ಡೋಸ್ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುವಂತೆ ಎಲ್ಲರೂ ಒಪ್ಪಿದ ಒಂದು ಪುಟದ ಕನ್ನಡ ಮಾರ್ಗಸೂಚಿ ಇಲ್ಲೇ ಸಿದ್ಧವಾಗಲಿ. ನಾಲ್ಕನೆಯದು, ಚಿಕಿತ್ಸೆಗೆ ಬಾರದ ಹೆಣ್ಣುಮಗುವಿನ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ವಿಚಾರಿಸುವ ಏರ್ಪಾಡು ಆಗಲಿ, ಆ ಕುಟುಂಬದ ಪ್ರಯಾಣದ ವೆಚ್ಚವನ್ನು ಸರ್ಕಾರದ ಯೋಜನೆ ಭರಿಸಲಿ.

ಇಲ್ಲಿ ಮಂಡನೆಯಾಗುವ ಪ್ರತಿ ಪ್ರಬಂಧಕ್ಕೂ ಒಂದು ಪ್ರಶ್ನೆ ಕೇಳೋಣ: ಇದರಿಂದ ಯಾವ ತಾಲ್ಲೂಕಿನ ಮಗುವಿಗೆ ಎಷ್ಟು ದಿನ ಮೊದಲು ಚಿಕಿತ್ಸೆ ಸಿಗುತ್ತದೆ? ಉತ್ತರವನ್ನು ಮುಂದಿನ ವರ್ಷದ ಅಂಕಿಗಳಲ್ಲಿ ತೋರಿಸುವ ಹೊಣೆಯನ್ನು ನಾವೆಲ್ಲರೂ ಹೊರೋಣ.