ಪ್ರಶ್ನೆ ಕೇಳಬಾರದ ಮೆಂಬರು



ಕಳೆದ ವಾರ ಇಲ್ಲಿ ಒಂದು ಮಾತು ಬಂತು. ನಮ್ಮಲ್ಲೇ ಒಬ್ಬರು ಗ್ರಾಮ ಪಂಚಾಯಿತಿ ಮೆಂಬರು ಇದ್ದಾರೆ. ಅವರು ಹೇಳಿದರು: "ಸಭೆಯಲ್ಲಿ ಬೋರ್‌ವೆಲ್ ದುರಸ್ತಿಯ ಲೆಕ್ಕ ಕೇಳಿದೆ. ನಿಮಗ್ಯಾಕ್ರಿ ಅದು, ಸಹಿ ಮಾಡಿ ಕುಂದ್ರಿ ಅಂದ್ರು." ನಾವೆಲ್ಲ ನಕ್ಕೆವು. ಆದರೆ ಮನೆಗೆ ಹೋದ ಮೇಲೂ ಆ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಯಾಕೆಂದರೆ ಒಂದು ಕಾಲಕ್ಕೆ ದೊಡ್ಡ ದೊಡ್ಡ ಸಾಹುಕಾರರಿಗೆ, ವಕೀಲರಿಗೆ ಕೂಡ ಇದೇ ಉತ್ತರ ಇತ್ತು. ಅದೂ ಕಾಯ್ದೆಯಲ್ಲೇ ಬರೆದಿಟ್ಟಿದ್ದರು! ಇವತ್ತು ಅದನ್ನೇ ಹೇಳುತ್ತೇನೆ.

ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು 1956ರ ತನಕ ಮುಂಬಯಿಗೆ ಸೇರಿದ್ದವು. ಬ್ರಿಟಿಷರ ಕಾಲದಲ್ಲಿ ಅದು ಮುಂಬಯಿ ಪ್ರಾಂತ್ಯ. ಅದಕ್ಕೆ ಒಬ್ಬ ಗವರ್ನರ್ ಸಾಹೇಬ. 1861ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ಮುಂಬಯಿಗೆ, ಮದ್ರಾಸಿಗೆ ಕಾಯ್ದೆ ಮಾಡುವ ಸಭೆ ಬಂತು. ಗವರ್ನರ್ ಮತ್ತು ಅವನ ಅಧಿಕಾರಿಗಳ ಜೊತೆ ನಾಲ್ಕರಿಂದ ಎಂಟು ಮಂದಿ ಹೆಚ್ಚಿನ ಮೆಂಬರುಗಳು. ಅವರಲ್ಲಿ ಅರ್ಧ ಜನರಾದರೂ ಸರಕಾರಿ ನೌಕರರಲ್ಲದವರು ಇರಬೇಕು. ಇಷ್ಟೇ.

ಅವರಿಗೆ ಓಟು ಹಾಕಿದವರು ಯಾರು? ಯಾರೂ ಇಲ್ಲ. ಗವರ್ನರ್ ತನಗೆ ಬೇಕಾದವರನ್ನು ಕರೆದು ಎರಡು ವರ್ಷಕ್ಕೆ ಕೂಡಿಸುತ್ತಿದ್ದ. ಮುಂಬಯಿಯಲ್ಲಿ 1862ರಲ್ಲಿ ಕೂತ ಭಾರತೀಯರಲ್ಲಿ ಜಗನ್ನಾಥ ಶಂಕರಶೇಟ್ ಒಬ್ಬರು. ದೊಡ್ಡ ವ್ಯಾಪಾರಸ್ಥರು. ಹೆಣ್ಣುಮಕ್ಕಳ ಶಾಲೆಗೆ ದುಡ್ಡು, ಜಾಗ ಕೊಟ್ಟವರು. ಮುಂದೆ ನ್ಯಾಯಾಧೀಶ ರಾನಡೆಯವರು ಬಂದರು, ದಾದಾಭಾಯಿ ನವರೋಜಿ ಬಂದರು. ಸಣ್ಣ ಜನ ಅಲ್ಲ ನೋಡ್ರಿ. ಆದರೂ ಆ ಸಭೆಯಲ್ಲಿ ಅವರ ಕೈ ಕಟ್ಟಿತ್ತು.

ಸರಕಾರ ಒಂದು ಕರಡು ಕಾಯ್ದೆ ತರುತ್ತದೆ. ಅದಕ್ಕೆ ಮಸೂದೆ ಅಂತಾರೆ. ಮ-ಸೂ-ದೆ. ಮೂರೇ ಅಕ್ಷರ, ಹಲಗೆಯ ಮೇಲೆ ಬರೆದಿದ್ದೇನೆ. ಆ ಮಸೂದೆಯ ಬಗ್ಗೆ ಮಾತ್ರ ಮಾತಾಡಬೇಕು. ಬರ ಯಾಕೆ ಬಂತು, ಕಂದಾಯ ಯಾಕೆ ಏರಿತು, ಪೊಲೀಸರು ಯಾಕೆ ಹೊಡೆದರು ಎಂದು ಕೇಳುವ ಹಾಗಿಲ್ಲ. ಸರಕಾರದ ಖರ್ಚಿನ ಲೆಕ್ಕ ಕೇಳುವ ಹಾಗಿಲ್ಲ. ಮಾತೆಲ್ಲ ಇಂಗ್ಲಿಷಿನಲ್ಲಿ. ಕಂದಾಯ ಕಟ್ಟುವವರು ಕನ್ನಡದವರು, ಮರಾಠಿಯವರು, ಗುಜರಾತಿಯವರು. ಅವರಿಗೆ ಅದರ ಒಂದು ಶಬ್ದ ತಿಳಿಯದು.

ಜನ ಸುಮ್ಮನಿರಲಿಲ್ಲ. 1885ರಲ್ಲಿ ಕಾಂಗ್ರೆಸ್ ಹುಟ್ಟಿತು. ಮೊದಲ ವರ್ಷವೇ ಅದು ಈ ಸಭೆಗಳನ್ನು ಸುಧಾರಿಸಿ ಎಂದು ಕೇಳಿತು. 1892ರಲ್ಲಿ ಕಾಯ್ದೆ ಸ್ವಲ್ಪ ಸಡಿಲವಾಯಿತು. ಹೆಚ್ಚಿನ ಮೆಂಬರುಗಳು ಇಪ್ಪತ್ತರ ತನಕ ಇರಬಹುದು. ಪ್ರಶ್ನೆ ಕೇಳಬಹುದು. ಆದರೆ ಮೊದಲೇ ಬರೆದುಕೊಡಬೇಕು. ಬಂದ ಉತ್ತರದ ಮೇಲೆ ಇನ್ನೊಂದು ಪ್ರಶ್ನೆ ಕೇಳಬಾರದು. ಬಜೆಟ್ಟಿನ ಬಗ್ಗೆ ಮಾತಾಡಬಹುದು, ಬೇಡ ಎಂದು ಕೈ ಎತ್ತಬಾರದು. ಊಟ ನೋಡು, ಮುಟ್ಟಬೇಡ ಅಂದ ಹಾಗೆ!

ಮುನಿಸಿಪಾಲಿಟಿ, ಲೋಕಲ್ ಬೋರ್ಡು, ವಿಶ್ವವಿದ್ಯಾಲಯ ಇವು ಒಬ್ಬೊಬ್ಬರ ಹೆಸರು ಆರಿಸಿ ಕಳಿಸಬಹುದು ಎಂದೂ ಆಯಿತು. ಕಾಯ್ದೆಯಲ್ಲಿ 'ಚುನಾವಣೆ' ಎಂಬ ಶಬ್ದವನ್ನೇ ಹಾಕಲಿಲ್ಲ. ನೀವು ಹೆಸರು ಹೇಳಿ, ನೇಮಿಸುವವರು ನಾವು, ಎಂಬುದು ಸರಕಾರದ ಮಾತು. ಹೀಗೆ ಬಂದವರಲ್ಲಿ ಫಿರೋಜ್‌ಷಾ ಮೆಹತಾ, ಬಾಲಗಂಗಾಧರ ತಿಲಕ್, ಗೋಪಾಲಕೃಷ್ಣ ಗೋಖಲೆ ಇದ್ದರು. ತಿಲಕರು 1895ರಲ್ಲಿ ಮೆಂಬರಾದರು. 1897ರಲ್ಲಿ ತಮ್ಮ ಪತ್ರಿಕೆಯ ಬರಹಕ್ಕಾಗಿ ಜೈಲಿಗೆ ಹೋದರು.

ಈಗ ನಮ್ಮ ಹೊಲಕ್ಕೆ ಬರೋಣ.

1896ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಬರ ಬಂತು. ಅದೇ ವರ್ಷ ಮುಂಬಯಿ ಊರಿಗೆ ಪ್ಲೇಗು ಬಂತು. ಮುಂದೆ ಅದು ಹುಬ್ಬಳ್ಳಿಗೂ ಹಬ್ಬಿತು. 1899ರಲ್ಲಿ ಮತ್ತೆ ಬರ. ದನ ಸತ್ತವು, ಕಣ ಬರಿದಾಯಿತು. ಕಂದಾಯ ಮಾತ್ರ ಬಾಕಿ ನಿಂತಿತು. ಬಾಕಿ ನಿಂತರೆ ಸರಕಾರ ಜಮೀನನ್ನೇ ಮುಟ್ಟುಗೋಲು ಹಾಕಬಹುದಿತ್ತು.

1901ರಲ್ಲಿ ಸರಕಾರ ಒಂದು ಮಸೂದೆ ತಂದಿತು. ಹೀಗೆ ಹೋದ ಜಮೀನನ್ನು ರೈತನಿಗೆ ಮತ್ತೆ ಕೊಡುವಾಗ ಒಂದು ಕರಾರು ಹಾಕಬಹುದು. ಏನದು? ಸರಕಾರದ ಒಪ್ಪಿಗೆ ಇಲ್ಲದೆ ಆ ಜಮೀನು ಮಾರಬಾರದು, ಒತ್ತೆ ಇಡಬಾರದು. ಸಾಲ ಕೊಡುವ ಸಾಹುಕಾರನ ಕೈಯಿಂದ ರೈತನನ್ನು ಉಳಿಸಲು ಇದು ಎಂದರು ಸರಕಾರದವರು. ಆ ಮಾತಿನಲ್ಲಿ ಸ್ವಲ್ಪ ಸತ್ಯವೂ ಇತ್ತು, ಇಲ್ಲ ಅನ್ನಬಾರದು. ಬಡ್ಡಿಗೆ ಸಿಕ್ಕು ಎಷ್ಟೋ ಹೊಲ ಹೋಗಿದ್ದವು. ಆದರೆ ಬಿತ್ತುವ ಹೊತ್ತಿಗೆ ಬೀಜಕ್ಕೆ ದುಡ್ಡು ಬೇಕಲ್ಲ? ಒತ್ತೆ ಇಡಲು ಬರದ ಹೊಲಕ್ಕೆ ಸಾಲ ಯಾರು ಕೊಡ್ತಾರೆ? ತಲೆತಲಾಂತರದ ಹೊಲಕ್ಕೆ ಸರಕಾರವೇ ಒಡೆಯನಾದರೆ ರೈತ ಯಾರು, ಬರೀ ಗೇಣಿದಾರನೇ? ಮೆಹತಾ, ಗೋಖಲೆ ಮುಂತಾದವರು ಇದನ್ನೇ ಕೇಳಿದರು. ಅವಸರ ಬೇಡ, ಮೊದಲು ಜನರ ಅಭಿಪ್ರಾಯ ತಿಳಿಯಿರಿ ಎಂದರು. ಕೈ ಎಣಿಸಿದಾಗ ಅಧಿಕಾರಿಗಳ ಕಡೆಯೇ ಹೆಚ್ಚು. ಸೋತರು.

ಆಗ ಮೆಹತಾ ಎದ್ದು ಹೊರನಡೆದರು. ಗೋಖಲೆ ಮತ್ತು ಇನ್ನೂ ಕೆಲವರು ಹಿಂದೆಯೇ ನಡೆದರು. ಗೋಖಲೆ ಬಹಳ ಮೆತ್ತಗಿನ ಮನುಷ್ಯ. ಇದರಲ್ಲಿ ಅಗೌರವವಿಲ್ಲ ಎಂದು ತಿಳಿಸಿಯೇ ಹೋದರು. ಆದರೂ ಹೋದರು!

"ಎದ್ದು ಹೋಗಿ ಏನು ಬಂತ್ರಿ?" ಅಂತ ಹಿಂದೆ ಕೂತ ಅವ್ವ ಕೇಳ್ತಾ ಇದ್ದಾರೆ. ಆ ದಿನ ಏನೂ ಬರಲಿಲ್ಲವ್ವ. ಮಸೂದೆ ಪಾಸಾಯಿತು, ಕಾಯ್ದೆಯಾಯಿತು. ಆದರೆ ಆ ಸಭೆಯೊಳಗೆ ಏನು ನಡೆಯುತ್ತದೆ ಎಂಬುದು ಪತ್ರಿಕೆ ಓದುವವರಿಗೆಲ್ಲ ತಿಳಿಯಿತು. 1909ರ ಕಾಯ್ದೆಯಲ್ಲಿ ಇನ್ನೊಂದು ಪ್ರಶ್ನೆ ಕೇಳಲು ಬಿಟ್ಟರು. ಪ್ರಶ್ನೆ ಕೇಳಿದವರೇ ಅದರ ಉತ್ತರದ ಮೇಲೆ ಮತ್ತೆ ಕೇಳಬಹುದು.

ಇಷ್ಟು ಹೊತ್ತು ಹೇಳಿದ ಹೆಸರುಗಳಲ್ಲಿ ಒಂದಾದರೂ ಹೆಂಗಸಿನ ಹೆಸರು ಬಂತೇ? ಬರಲಿಲ್ಲ. ಬರದಲ್ಲಿ ಅಂಬಲಿ ಕಾಸಿದವರು, ತಾಳಿ ಒತ್ತೆ ಇಟ್ಟವರು ನಮ್ಮ ಮುತ್ತಜ್ಜಿಯರು. ಅವರನ್ನು ಕೇಳಿದವರಿಲ್ಲ. ಮುಂಬಯಿ, ಮದ್ರಾಸುಗಳಲ್ಲಿ ಹೆಂಗಸರಿಗೆ ಓಟು ಕೊಡಲು ಒಪ್ಪಿದ್ದು 1921ರಲ್ಲಿ. ಅದೂ ಆಸ್ತಿ ಇದ್ದವರಿಗೆ. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದ್ರಾಸಿನ ಸಭೆಗೆ ಚುನಾವಣೆಗೆ ನಿಂತರು. ಸ್ವಲ್ಪವೇ ಓಟಿನಿಂದ ಸೋತರು.

ಗಂಟೆ ಎಂಟಾಯಿತು. ನಮ್ಮ ಮೆಂಬರಕ್ಕ ಈ ಸಲ ಬೋರ್‌ವೆಲ್ಲಿನ ಪ್ರಶ್ನೆಯನ್ನು ಬರೆದುಕೊಂಡೇ ಬಂದಿದ್ದಾರೆ. ನಾಲ್ಕು ಸಾಲು. ತಾವೇ ಬರೆದದ್ದು. 'ದುರಸ್ತಿ' ಎಂಬಲ್ಲಿ ಒಂದು ಒತ್ತು ಬಿಟ್ಟುಹೋಗಿದೆ. ಕಂದೀಲು ಸ್ವಲ್ಪ ಈ ಕಡೆ ತನ್ನಿ, ಅದನ್ನು ತಿದ್ದೋಣ.